ಭಾವನ ಅಟ್ಟದಲ್ಲಿ ಗಿಟಾರಿಗೆ ಜಾಗವಿರಲಿಲ್ಲ

ನನ್ನ ತಂಗಿಯ ಗಂಡ ಕಾಪುವಿನಲ್ಲಿ ಗಿಟಾರು ಮಾಡುತ್ತಾರೆ. ಇದನ್ನು ಯಾರಿಗೆ ಹೇಳಿದರೂ ಅವರು ಮೊದಲು ಕೇಳುವುದು, "ಬಾರಿಸುತ್ತಾರಾ?" ಎಂದು. ಇಲ್ಲ, ಮಾಡುತ್ತಾರೆ ಎಂದು ತಿದ್ದಿದರೆ, "ಅದು ಸರಿ, ಮತ್ತೆ ಉದ್ಯೋಗಕ್ಕೆ ಎಂತ ಮಾಡುತ್ತಾರೆ?" ಎನ್ನುತ್ತಾರೆ. ತಂಗಿಯ ಮದುವೆಯ ಮಾತುಕತೆಯಲ್ಲಿ ನಮ್ಮ ತಂದೆಯವರೂ ಇದೇ ಎರಡು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿದ್ದರು. ಎರಡನೆಯದಕ್ಕೆ ಸಿಕ್ಕಿದ ಉತ್ತರ ಅವರಿಗೆ ಕೊನೆಯವರೆಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಹುಡುಗ ಕುಡಿಯುವುದಿಲ್ಲ ಎಂದು ಗೊತ್ತಾದ ಮೇಲೆ ಗಿಟಾರನ್ನು ಕ್ಷಮಿಸಿದರು.

ವಯಸ್ಸಿನಲ್ಲಿ ಅವರು ನನಗಿಂತ ಚಿಕ್ಕವರು. ಆದರೆ ನಮ್ಮ ಕಡೆ ನಂಟಸ್ತಿಕೆಗೆ ವಯಸ್ಸು ಅಡ್ಡ ಬರುವುದಿಲ್ಲ. ಅವರು ನನ್ನನ್ನು ಭಾವ ಎನ್ನುತ್ತಾರೆ, ನಾನೂ ಅವರನ್ನು ಭಾವ ಎನ್ನುತ್ತೇನೆ. ನಮ್ಮ ಮನೆಮಾತು ತುಳು. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಭಾವನ ಮಾತುಗಳು ಇದ್ದದ್ದಕ್ಕಿಂತ ಸ್ವಲ್ಪ ಸಭ್ಯವಾಗಿ ಕಾಣಬಹುದು. ಅದು ಭಾಷೆಯ ಗುಣ, ಅವರದ್ದಲ್ಲ.

ಕರಾವಳಿಯಿಂದ ಮುಂಬಯಿಗೆ ಹೋದವರು ಹೋಟೆಲಿಗೆ ಸೇರುವುದು ವಾಡಿಕೆ. ಭಾವನೂ ಹೋಟೆಲಿಗೇ ಸೇರಿದ್ದರು. ಎದುರಿನ ಗಲ್ಲಿಯಲ್ಲಿ ವಾದ್ಯ ತಯಾರಿಸುವ ಒಂದು ಅಂಗಡಿ ಇತ್ತು. ಅಲ್ಲಿಗೆ ಚಾ ಕೊಡಲು ಹೋದವರು ವಾಪಸು ಬರಲಿಲ್ಲ. ಗ್ಲಾಸುಗಳೂ ಬರಲಿಲ್ಲ ಎಂದು ಹೋಟೆಲಿನ ಧಣಿ ಬಹಳ ಕಾಲ ಹೇಳಿಕೊಳ್ಳುತ್ತಿದ್ದರಂತೆ. ಹಾಗೆ ಕಲಿತ ವಿದ್ಯೆಯನ್ನು ಭಾವ ಕಾಪುವಿಗೆ ತಂದು, ಮನೆಯ ಮುಂದಿನ ಜಗಲಿಗೆ ಗೋಡೆ ಕಟ್ಟಿ, ಅಂಗಡಿ ತೆರೆದರು.

ಆ ಅಂಗಡಿಗೆ ಒಂದು ನಿಯಮವಿತ್ತು. ಮಳೆಗಾಲ ದಾಟದ ಗಿಟಾರು ಅಲ್ಲಿಂದ ಹೊರಗೆ ಹೋಗಕೂಡದು. ಗಿಟಾರಿನ ಹೊಟ್ಟೆಯನ್ನು, ಅಂದರೆ ಟೊಳ್ಳು ಪೆಟ್ಟಿಗೆಯಂಥ ಭಾಗವನ್ನು, ಬೇಸಿಗೆಯಲ್ಲಿ ಅಂಟಿಸಿ, ಪಾಲಿಶ್ ಹಾಕದೆ, ತಂತಿ ಕಟ್ಟದೆ, ಬಚ್ಚಲುಮನೆಯ ಮೇಲಿನ ಅಟ್ಟದಲ್ಲಿ ನೇತುಹಾಕುತ್ತಿದ್ದರು. ಕೆಳಗೆ ಬಚ್ಚಲು ಒಲೆಯ ಬಿಸಿ, ಮೇಲೆ ಹಗಲೂ ಉರಿಯುವ ಹಳದಿ ಬಲ್ಬು. ಜೂನ್ ತಿಂಗಳಲ್ಲಿ ಅಟ್ಟ ಹತ್ತಿದ ಗಿಟಾರು ಮಳೆ ನಿಂತ ಮೇಲೆಯೇ ಇಳಿಯುವುದು. ಬಿರಿಯುವುದಿದ್ದರೆ ಅಲ್ಲಿಯೇ ಬಿರಿಯಲಿ, ಬಾಗುವುದಿದ್ದರೆ ಅಲ್ಲಿಯೇ ಬಾಗಲಿ. ನಮ್ಮ ಕರಾವಳಿಯ ಜುಲೈಗೆ ಜಗ್ಗದ ಗಿಟಾರು ಇನ್ನು ಭೂಮಿಯ ಮೇಲೆ ಯಾವುದಕ್ಕೂ ಜಗ್ಗಲಿಕ್ಕಿಲ್ಲ ಎಂಬುದು ಭಾವನ ಸಿದ್ಧಾಂತ.

ಈ ಸಿದ್ಧಾಂತದಿಂದ ವ್ಯಾಪಾರಕ್ಕೆ ಉಪಕಾರವಾಯಿತೆಂದು ಹೇಳಲಾರೆ. ಮಣಿಪಾಲದ ವಿದ್ಯಾರ್ಥಿಗಳು ಬರುತ್ತಿದ್ದರು, ಗಿಟಾರನ್ನು ಎದೆಗೊತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು, ಯಾವಾಗ ಸಿಗುತ್ತದೆ ಎಂದು ಕೇಳುತ್ತಿದ್ದರು. "ಬರುವ ವರ್ಷ ಬನ್ನಿ" ಎಂದು ಭಾವ ಹೇಳುತ್ತಿದ್ದರು. ವೈದ್ಯಕೀಯ ಓದುವವರು ಒಪ್ಪುತ್ತಿದ್ದರು. ಅವರ ಹತ್ತಿರ ವರ್ಷಗಳು ಬೇಕಾದಷ್ಟಿದ್ದವು. ಎಂಬಿಎಯವರು ಒಪ್ಪುತ್ತಿರಲಿಲ್ಲ. ಅವರು ಬಾಗಿಲಲ್ಲಿ ನಿಂತೇ ಮೊಬೈಲಿನಲ್ಲಿ ಬೇರೆ ಗಿಟಾರು ತರಿಸಿಕೊಂಡು, ಭಾವನಿಗೆ ಧನ್ಯವಾದ ಹೇಳಿ ಹೋಗುತ್ತಿದ್ದರು.

ಅಂಗಡಿ ಗಿಟಾರಿನಿಂದ ಆಚೆ ಕಾಲಿಟ್ಟದ್ದು ಯುಕುಲೇಲೆಯಿಂದ. ಅದು ನಾಲ್ಕು ತಂತಿಯ, ಗಿಟಾರಿನ ಮರಿಯಂಥ ವಾದ್ಯ. ಯಾರೋ ವಿದ್ಯಾರ್ಥಿನಿ ಕೇಳಿದಳು, ಭಾವ ಮಾಡಿಕೊಟ್ಟರು. ಗಿಟಾರು ಮಾಡುವವನು ಯುಕುಲೇಲೆ ಮಾಡುವುದರಲ್ಲಿ ತಪ್ಪೇನಿಲ್ಲ. ವಾದ್ಯ ಕೊಂಡವರಿಗೆ ಅದನ್ನು ನಿಲ್ಲಿಸಲು ಮರದ ಸ್ಟ್ಯಾಂಡು ಬೇಕಾಗುತ್ತದೆ, ಅದರಲ್ಲಿಯೂ ತಪ್ಪಿಲ್ಲ. ಸ್ಟ್ಯಾಂಡು ಮಾಡಿ ಉಳಿದ ತುಂಡಿನಲ್ಲಿ ಮೊಬೈಲ್ ನಿಲ್ಲಿಸುವ ಸಣ್ಣ ಸ್ಟ್ಯಾಂಡು. ಬಾಗಿದ ಪಟ್ಟಿ ಮಾಡಲು ಬರುವವನು ತೊಟ್ಟಿಲಿಗೂ ಬಾಗಿದ ಕಾಲು ಮಾಡಬಹುದು. ಗಿಟಾರಿನ ಆಕಾರದ ಗೋಡೆ ಗಡಿಯಾರ, ಗಿಟಾರಿನ ಆಕಾರದ ಬೀಗದ ಕೈ ತೂಗುಹಾಕುವ ಹಲಗೆ. ಯಾವ ಹೆಜ್ಜೆಯನ್ನು ಹಿಡಿದು ನೋಡಿದರೂ ಅದು ಅತ್ಯಂತ ವಿವೇಕದ್ದಾಗಿ ಕಾಣುತ್ತಿತ್ತು. ಹಿಂದಿರುಗಿ ನೋಡಿದರೆ ಮಾತ್ರ ಗಿಟಾರು ಕಾಣುತ್ತಿರಲಿಲ್ಲ.

ಶಿಖರಪ್ರಾಯವಾದದ್ದು ತುರಿಮಣೆ. ಇದಕ್ಕೆ ಕಾರಣಳು ನನ್ನ ತಂಗಿ. ಅವಳ ಹಳೆಯ ತುರಿಮಣೆಯ ಒಂದು ಕಾಲು ಅಲ್ಲಾಡುತ್ತಿತ್ತು. ಬಡಗಿಯ ಕೆಲಸ ಗೊತ್ತಿರುವ ಗಂಡನಿಗೆ ಅದನ್ನು ಅವಳು ತಿಂಗಳುಗಟ್ಟಲೆ ಹೇಳಿದಳು. ಒಂದು ದಿನ ಮಾತು ಕೇಳಲಾರದೆ ಭಾವ ಕೈಗೆ ಸಿಕ್ಕಿದ ದಪ್ಪ ಹಲಸಿನ ಹಲಗೆಯ ಮೇಲೆ, ಕೈಗೆ ಸಿಕ್ಕಿದ ಚಿಕ್ಕ ಗಿಟಾರಿನ ಅಚ್ಚನ್ನೇ ಇಟ್ಟು ಗೆರೆ ಎಳೆದು ಕೊಯ್ದರು. ಕೂರುವ ಕಡೆ ಅಗಲ, ಸೊಂಟದಲ್ಲಿ ಸಪೂರ, ಮುಂದೆ ಉದ್ದ ಕುತ್ತಿಗೆ, ಕುತ್ತಿಗೆಯ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಅಲಗು. ತಂಗಿ ಅದರ ಮೇಲೆ ಕೂತಳು. ಗಿಟಾರಿನ ಆಕಾರವನ್ನು ಮೊದಲು ಯೋಚಿಸಿದವರು ಯಾರೇ ಇರಲಿ, ಅವರ ಮನಸ್ಸಿನಲ್ಲಿ ತುರಿಮಣೆಯೇ ಇತ್ತೆಂದು ನನಗೆ ಅಂದಿನಿಂದ ಅನುಮಾನ. ಸೊಂಟದ ಇಕ್ಕೆಲದಲ್ಲಿ ಮೊಣಕಾಲುಗಳು ಅಷ್ಟು ಸರಿಯಾಗಿ ಕೂರುತ್ತಿದ್ದವು.

ಅದನ್ನು ಪಕ್ಕದ ಪಾತ್ರೆ ಅಂಗಡಿಯ ಸಾಹೇಬರು ನೋಡಿದರು. ಸಾಹೇಬರು ದುಬೈಯಲ್ಲಿ ಬಹಳ ವರ್ಷ ಅಂಗಡಿ ನಡೆಸಿ ಬಂದವರು. ಮನೆಯಲ್ಲಿ ಬ್ಯಾರಿ ಭಾಷೆ, ನಮ್ಮೊಡನೆ ತುಳು, ಗಿರಾಕಿಗಳೊಡನೆ ಕನ್ನಡ, ಸಾಲ ಕೇಳುವವರೊಡನೆ ಅರಬ್ಬಿ.

"ಇದು ಎಂತ ಮಾರಾಯ್ರೇ! ಇದನ್ನು ಮನೆಯೊಳಗೆ ಬಚ್ಚಿಟ್ಟುಕೊಂಡಿದ್ದೀರಾ?" ಎಂದರು.

"ಬಚ್ಚಿಡುವುದು ಎಂತ, ಅವಳು ಅದರ ಮೇಲೆ ಕೂತಿದ್ದಾಳೆ" ಎಂದರು ಭಾವ.

"ನನಗೆ ಹೀಗಿನದ್ದು ಮಾಡಿ ಕೊಡಿ. ಗಲ್ಫಿನಿಂದ ರಜೆಗೆ ಬಂದವರು ಇದನ್ನು ಬಿಟ್ಟು ಹೋಗ್ಲಿಕ್ಕಿಲ್ಲ."

ಅವರು ಬಿಟ್ಟು ಹೋಗಲಿಲ್ಲ. ಮಣಿಪಾಲದ ಪ್ರೊಫೆಸರುಗಳ ಮನೆಯವರೂ ಕೊಂಡರು. ಕೆಲವರು ಅಲಗು ತೆಗೆಸಿ ಹೂವಿನ ಕುಂಡ ಇಡಲು ಕೊಂಡರು. ಅಂಗಡಿಯ ಬೋರ್ಡಿನಲ್ಲಿ ಮೊದಲು 'ಗಿಟಾರು ತಯಾರಕರು' ಎಂಬ ಎರಡೇ ಶಬ್ದಗಳಿದ್ದವು. ಪೇಂಟರು ವರ್ಷಕ್ಕೊಂದು ಸಲ ಬಂದು ಹೊಸ ಸರಕಿಗೆ ಜಾಗ ಮಾಡಲು ಹಳೆಯ ಅಕ್ಷರಗಳನ್ನು ಅಳಿಸಿ ಚಿಕ್ಕದಾಗಿ ಬರೆಯುತ್ತ ಹೋದರು. ಕೊನೆಗೆ 'ಗಿಟಾರು' ಎಂಬುದು ಕೆಳಗಿನ ಮೂಲೆಯಲ್ಲಿ, ಪೇಂಟರು ತಮ್ಮ ಹೆಸರು ಬರೆಯುವ ಜಾಗದಲ್ಲಿ ಬಂದು ನಿಂತಿತು. ಅದೇ ಪೇಂಟರ ಹೆಸರೆಂದು ತಿಳಿದವರೂ ಇದ್ದರು.

ನಾನು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನು. ಒಂದು ಭಾನುವಾರ ಭಾವ ಗಡಿಯಾರಕ್ಕೆ ಮುಳ್ಳು ಕೂರಿಸುತ್ತ ನನ್ನನ್ನು ಕೇಳಿದರು.

"ಭಾವ, ಹೀಗೆ ಒಂದರ ಮೇಲೊಂದು ಸಾಮಾನು ಸೇರಿಸುವುದಕ್ಕೆ ನಿಮ್ಮ ಪುಸ್ತಕದಲ್ಲಿ ಎಂತ ಹೇಳ್ತಾರೆ?"

"ಉತ್ಪನ್ನ ಶ್ರೇಣಿಯ ವಿಸ್ತರಣೆ."

"ಅದು ಒಳ್ಳೆಯದಾ, ಕೆಟ್ಟದ್ದಾ?"

"ಅದು ಪರೀಕ್ಷೆಗೆ ಬರುವ ಪ್ರಶ್ನೆ ಭಾವ. ಅರ್ಧ ಪುಟ ಒಳ್ಳೆಯದು ಎಂದು ಬರೆಯಬೇಕು, ಅರ್ಧ ಪುಟ ಕೆಟ್ಟದ್ದು ಎಂದು ಬರೆಯಬೇಕು. ಆಗ ಪೂರ್ತಿ ಅಂಕ."

"ನೀವು ಇಷ್ಟು ವರ್ಷ ಸಂಬಳ ತೆಗೊಂಡದ್ದು ಇದಕ್ಕಾ?" ಎಂದರು ಭಾವ. ಅದಕ್ಕೇ ಎಂದೆ.

ಇಂಥ ಸಮೃದ್ಧಿಯ ಕಾಲದಲ್ಲಿ ಕಾರ್ಕಳದ ಟೀಚರ್ ಅಂಗಡಿಗೆ ಬಂದರು. ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು, ಈಗ ನಿವೃತ್ತರು. ಅಲ್ಲಿನ ಇಗರ್ಜಿಯ ಗಾಯನ ತಂಡಕ್ಕೆ ಮೊದಲಿನಿಂದಲೂ ಗಿಟಾರು ನುಡಿಸುವವರು ಅವರೇ. ಭಾವ ಊರಿಗೆ ಬಂದು ಮಾಡಿದ ಮೊದಲ ಗಿಟಾರನ್ನು ಕೊಂಡವರು. ಅಂದು ಆ ದೊಡ್ಡ ಗಿಟಾರನ್ನು ಮಗುವಿನಂತೆ ಎತ್ತಿಕೊಂಡು ಬಂದು ಮೇಜಿನ ಮೇಲಿಟ್ಟರು.

"ಇನ್ನು ಇದು ನನ್ನಿಂದ ಆಗುವುದಿಲ್ಲ" ಎಂದರು. ಬಲ ಭುಜ ಹಿಡಿದುಕೊಂಡಿತ್ತು. ಇಷ್ಟು ದಪ್ಪದ ವಸ್ತುವಿನ ಮೇಲೆ ತೋಳು ಎತ್ತಿ ಹಾಕಬಾರದು ಎಂದು ಮಣಿಪಾಲದ ಡಾಕ್ಟರು ಖಂಡಿತವಾಗಿ ಹೇಳಿದ್ದರು. "ಸಣ್ಣ ಹೊಟ್ಟೆಯದ್ದು, ತೆಳ್ಳಗಿನದ್ದು ಒಂದು ಮಾಡಿ ಕೊಡ್ತೀರಾ? ಕ್ರಿಸ್ಮಸ್ಸಿಗೆ ಬೇಕು."

"ಈಗ ಅಂಟಿಸಿದರೆ ಮಳೆಗಾಲ ಅಟ್ಟದಲ್ಲಿ ಕಳೆಯುತ್ತದೆ. ದೀಪಾವಳಿ ಹೊತ್ತಿಗೆ ನಿಮ್ಮ ಕೈಯಲ್ಲಿ" ಎಂದರು ಭಾವ.

"ಖಂಡಿತ ಅಲ್ವಾ? ನಮ್ಮ ಹುಡುಗರು ಕೀಬೋರ್ಡ್ ತಂದಿದ್ದಾರೆ. ಅದರಲ್ಲಿ ಒಂದು ಬಟನ್ ಒತ್ತಿದರೆ ಗಿಟಾರಿನ ಸ್ವರವೂ ಬರ್ತದಂತೆ. 'ಟೀಚರ್, ನೀವು ಸುಮ್ಮನೆ ಕುರ್ಚಿಯಲ್ಲಿ ಕೂತು ಹಾಡಿ ಸಾಕು' ಅಂತ ಬಹಳ ಪ್ರೀತಿಯಿಂದ ಹೇಳ್ತಾರೆ. ಪ್ರೀತಿಯಿಂದ ಹೇಳುವಾಗ ಹೆದರಿಕೆ ಆಗ್ತದೆ ನನಗೆ. ಈ ಕ್ರಿಸ್ಮಸ್ಸಿಗೆ ನಾನು ಒಮ್ಮೆ ಕುರ್ಚಿಯಲ್ಲಿ ಕೂತರೆ ಮತ್ತೆ ಎಬ್ಬಿಸುವವರು ಯಾರೂ ಇಲ್ಲ."

ಭಾವ ಕೆಲಸದ ವಿಷಯದಲ್ಲಿ ಒರಟರಲ್ಲ. ತುರಿಮಣೆಗಳನ್ನು ಬದಿಗೆ ಸರಿಸಿ, ಬೇಸಿಗೆ ಮುಗಿಯುವುದರೊಳಗೆ ಆ ಗಿಟಾರಿನ ಹೊಟ್ಟೆಯನ್ನು ಅಂಟಿಸಿದರು. ತೆಳ್ಳಗೆ, ಚಿಕ್ಕದಾಗಿ, ಮೊದಲಿನ ದಿನಗಳ ಕೆಲಸದ ಹಾಗೆಯೇ ಇತ್ತು. ಅದನ್ನು ಹಿಡಿದುಕೊಂಡು ಅಟ್ಟದ ಏಣಿ ಹತ್ತಿದರು. ಹತ್ತಿದ ಹಾಗೆಯೇ ಇಳಿದರು.

ಅಟ್ಟದಲ್ಲಿ ಜಾಗವಿರಲಿಲ್ಲ. ಎಲ್ಲೂರಿನ ಒಂದು ಮನೆಯವರು ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಗಿಟಾರಿನ ಆಕಾರದ ತುರಿಮಣೆಯನ್ನು ಉಡುಗೊರೆ ಕೊಡುವುದೆಂದು ತೀರ್ಮಾನಿಸಿ ಸಾಹೇಬರ ಮೂಲಕ ಹೇಳಿ ಕಳಿಸಿದ್ದರು. ಹಸಿ ಹಲಸಿನ ಹಲಗೆಗಳು ಒಣಗಬೇಕಲ್ಲ, ಅವು ಅಟ್ಟ ಹತ್ತಿ ಮಾಡಿನ ಹೆಂಚು ಮುಟ್ಟುವ ತನಕ ಪೇರಿಸಿಕೊಂಡು ಕೂತಿದ್ದವು. ಬಲ್ಬು ಎಲ್ಲಿದೆಯೆಂದೇ ಗೊತ್ತಾಗುತ್ತಿರಲಿಲ್ಲ. ಗಿಟಾರುಗಳಿಗೆಂದು ಕಟ್ಟಿದ ಅಟ್ಟದಲ್ಲಿ ಗಿಟಾರು ನಿರಾಶ್ರಿತವಾಯಿತು.

ಅಂದು ಮಧ್ಯಾಹ್ನದ ಊಟಕ್ಕೆ ನಾನೂ ಇದ್ದೆ. ಆಶ್ರಯದ ಕುರಿತು ಸಭೆ ನಡೆಯಿತು.

"ಅಣ್ಣ, ಮಣಿಪಾಲದಲ್ಲಿ ನಿನ್ನ ಫ್ಲಾಟ್ ಉಂಟಲ್ಲ" ಎಂದಳು ತಂಗಿ.

ನನ್ನ ಫ್ಲಾಟಿನಲ್ಲಿ ಜುಲೈ ತಿಂಗಳ ಮೋಡ ಬಾಲ್ಕನಿಯಿಂದ ಒಳಗೆ ಬಂದು, ಎಲ್ಲ ಕೋಣೆಗಳನ್ನು ಪರಿಶೀಲಿಸಿ, ಅಡುಗೆಮನೆಯ ಕಿಟಕಿಯಿಂದ ಹೊರಗೆ ಹೋಗುತ್ತದೆ ಎಂದು ನಾನು ವಿವರಿಸಿದೆ. ಹಿಂದಿನ ವರ್ಷ ನನ್ನ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿದು, ಅದನ್ನು ಹೆಂಡತಿ ಬೇರೆ ಏನೋ ಎಂದು ತಿಳಿದು ಕೋಲು ತೆಗೆದುಕೊಂಡಿದ್ದಳು.

ಆಗ ಪಾತ್ರೆ ಅಂಗಡಿಯ ಸಾಹೇಬರು ಬಾಗಿಲಲ್ಲಿ ಕಾಣಿಸಿಕೊಂಡರು. ವಿಷಯ ತಿಳಿದು ಅವರಿಗೆ ಆಶ್ಚರ್ಯವಾಯಿತು.

"ಇದಕ್ಕೆ ಇಷ್ಟು ತಲೆಬಿಸಿಯಾ! ನನ್ನ ಅಳಿಯನ ಒಣಮೀನಿನ ಗೋಡೌನ್ ಉಂಟಲ್ಲ ಮಾರಾಯ್ರೇ. ಹೀಟರ್ ಉಂಟು, ದೊಡ್ಡ ಫ್ಯಾನ್ ಉಂಟು. ಮಳೆಗಾಲದಲ್ಲಿ ಅಷ್ಟು ಒಣ ಜಾಗ ಇಡೀ ಜಿಲ್ಲೆಯಲ್ಲಿ ತೋರಿಸಿ ನೋಡುವ. ಬಂಗುಡೆ ವರ್ಷಗಟ್ಟಲೆ ನಿಲ್ತದೆ ಅಲ್ಲಿ. ಗಿಟಾರ್ ನಾಲ್ಕು ತಿಂಗಳು ನಿಲ್ಲುವುದಿಲ್ವಾ?"

ಸಭೆ ಇದನ್ನು ಸರ್ವಾನುಮತದಿಂದ ಒಪ್ಪಿತು. ನಾವೆಲ್ಲರೂ ಓದು ಬರಹ ಬಲ್ಲವರು, ಮೂಗು ಇರುವವರು. ಆದರೂ ಯಾರಿಗೂ ಏನೂ ತೋಚಲಿಲ್ಲ. ಇದಕ್ಕೆ ಕಾರಣ ಹೇಳಬೇಕೆಂದರೆ, ಆ ಹೊತ್ತಿಗೆ ನಾವು ಊಟ ಮಾಡುತ್ತಿದ್ದದ್ದೇ ಗಂಜಿ ಮತ್ತು ಒಣ ಸಿಗಡಿ ಚಟ್ನಿ. ಕಾಪುವಿನಲ್ಲಿ ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಒಣಮೀನು ಸುಡದ ಮನೆಯಿಲ್ಲ. ಆ ವಾಸನೆ ಅಲ್ಲಿ ವಾಸನೆಯಲ್ಲ, ಹವೆ. ಭಾವನಿಗೆ ಗಿಟಾರಿನ ಮಟ್ಟಿಗೆ ಗೊತ್ತಿದ್ದ ಶತ್ರು ಒಂದೇ, ತೇವ. ಅದು ಎಲ್ಲಿ ಇಲ್ಲವೋ ಅದೇ ಸ್ವರ್ಗ. ಪಾಲಿಶ್ ಇಲ್ಲದ ಹಸಿ ಮರ ಗಾಳಿಯಲ್ಲಿರುವುದನ್ನೆಲ್ಲ ಕುಡಿಯುತ್ತದೆ ಎಂದು ಅವರೇ ನನಗೆ ಹಲವು ಸಲ ಹೇಳಿದ್ದರು. ಅಂದು ಅದನ್ನು ಅವರೂ ನೆನಪಿಸಿಕೊಳ್ಳಲಿಲ್ಲ, ನಾನೂ ನೆನಪಿಸಲಿಲ್ಲ. ಚಟ್ನಿ ಚೆನ್ನಾಗಿತ್ತು.

ಹೀಗೆ ಕಾರ್ಕಳದ ಟೀಚರ ಗಿಟಾರು ಮಳೆಗಾಲವಿಡೀ ಒಣ ಬಂಗುಡೆಯ ಚೀಲಗಳ ಮೇಲೆ, ಒಣ ಸಿಗಡಿಯ ಪಕ್ಕದಲ್ಲಿ ತೂಗಾಡಿತು. ಮಳೆ ನಿಂತ ಮೇಲೆ ತಂದು ನೋಡಿದರೆ ಎಲ್ಲಿಯೂ ಬಾಗಿಲ್ಲ, ಬಿರಿದಿಲ್ಲ. ಬೆರಳಲ್ಲಿ ಬಡಿದರೆ ಗಂಟೆಯ ಹಾಗೆ ಸ್ವರ. ಭಾವ ಬಹಳ ಸಂತೋಷದಿಂದ ಕುತ್ತಿಗೆ ಕೂಡಿಸಿ, ಹೊರಗಿನಿಂದ ಸುತ್ತ ಪಾಲಿಶ್ ಬಳಿದು, ತಂತಿ ಕಟ್ಟಿದರು. ಅಂಗಡಿ ತುಂಬ ಪಾಲಿಶ್ಶಿನ ಘಾಟು ಇದ್ದುದರಿಂದ ಬೇರೆ ಯಾವ ಘಾಟಿಗೂ ಅಲ್ಲಿ ಅವಕಾಶವಿರಲಿಲ್ಲ.

ಎಲ್ಲೂರಿನ ತುರಿಮಣೆಗಳನ್ನು ಮುಗಿಸುವ ಗಡಿಬಿಡಿಯಲ್ಲಿ ಭಾವನಿಗೆ ಅಂಗಡಿ ಬಿಡಲಾಗಲಿಲ್ಲ. ಗಿಟಾರನ್ನು ಕಾರ್ಕಳಕ್ಕೆ ಮುಟ್ಟಿಸುವ ಗೌರವ ನನ್ನದಾಯಿತು. ದೀಪಾವಳಿ ಕಳೆದ ಒಂದು ಬಿಸಿಲಿನ ಬೆಳಿಗ್ಗೆ ಅದನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ, ಗಾಜು ಏರಿಸಿ ಹೊರಟೆ.

ಪಡುಬಿದ್ರಿಯವರೆಗೆ ಏನೂ ಅನ್ನಿಸಲಿಲ್ಲ. ಪಕ್ಕದಲ್ಲೇ ಸಮುದ್ರ, ಗಾಳಿ ಆ ಕಡೆಯದ್ದು. ಅಲ್ಲಿಂದ ಒಳಗೆ ತಿರುಗಿ ಸಮುದ್ರವನ್ನು ಹಿಂದೆ ಬಿಟ್ಟೆ. ಬೆಳ್ಮಣ್ ತಲಪುವಾಗ ಸಮುದ್ರ ನನ್ನನ್ನು ಹಿಂಬಾಲಿಸುತ್ತಿದೆ ಎಂದು ಅನ್ನಿಸತೊಡಗಿತು. ಬಿಸಿಲು ಬಲಬದಿಯ ಗಾಜಿನಿಂದ ನೇರ ಗಿಟಾರಿನ ಮೇಲೆ ಬೀಳುತ್ತಿತ್ತು. ನಿಟ್ಟೆಯಲ್ಲಿ ಚಾ ಕುಡಿಯಲು ನಿಲ್ಲಿಸಿ ಬಾಗಿಲು ತೆರೆದ ಕೂಡಲೇ ಹೋಟೆಲಿನವರು ಹೊರಗೆ ಬಂದರು.

"ಒಳ್ಳೆ ಮಾಲು ಇದ್ದ ಹಾಗೆ ಉಂಟಲ್ಲ ಸರ್. ಯಾವುದು? ಬಂಗುಡೆಯಾ?"

"ಗಿಟಾರ್" ಎಂದೆ.

ಅವರು ಸೀಟಿನ ಮೇಲೆ ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಚಾ ಕೊಟ್ಟರು.

ಕಾರ್ಕಳದಲ್ಲಿ ಟೀಚರ್ ಗೇಟಿನಲ್ಲೇ ಕಾಯುತ್ತಿದ್ದರು. ಗಿಟಾರನ್ನು ತೆಗೆದುಕೊಂಡು ವರಾಂಡದಲ್ಲಿ ಕೂತು ತೋಳಿನಡಿಗೆ ಇಟ್ಟುಕೊಂಡರು. ಭುಜ ಮೇಲೇಳಲಿಲ್ಲ, ಮುಖ ಕಿವುಚಲಿಲ್ಲ. ತಂತಿಗಳನ್ನು ಶ್ರುತಿ ಮಾಡಿ, ಒಂದು ಕ್ರಿಸ್ಮಸ್ ಹಾಡಿನ ನಾಲ್ಕು ಸಾಲು ನುಡಿಸಿದರು. ನನಗೆ ಸಂಗೀತ ತಿಳಿಯದು. ಆದರೆ ಮನೆಯೊಳಗೆ ಮಿಕ್ಸಿ ತಿರುಗಿಸುತ್ತಿದ್ದವರು ಅದನ್ನು ನಿಲ್ಲಿಸಿದ್ದು ಕೇಳಿಸಿತು. ಐದನೆಯ ಸಾಲಿಗೆ ಟೀಚರ ಕೈ ನಿಂತಿತು. ಅವರ ಬೆಕ್ಕು ಎಲ್ಲಿಂದಲೋ ಬಂದು ಅವರ ತೊಡೆ ಏರಿ ಗಿಟಾರಿನ ತೂತಿನೊಳಗೆ ಮುಖ ಹಾಕಿತ್ತು.

"ಮಾಸ್ಟ್ರೇ, ಇದು ಎಂತ ಸಾವು! ಇದರೊಳಗೆ ಎಂತ ಉಂಟು?"

ನಾನು ಇದ್ದದ್ದನ್ನು ಹೇಳಿದೆ. ಅಟ್ಟ, ತುರಿಮಣೆ, ಗೋಡೌನು, ಎಲ್ಲವನ್ನೂ ಹೇಳಿದೆ. ತಂತಿ ಮೀಟಿದಾಗಲೆಲ್ಲ ಹೊಟ್ಟೆ ನಡುಗಿ ಒಳಗಿನ ಗಾಳಿ ಹೊರಗೆ ಬರುತ್ತದೆ, ಮೆಲ್ಲಗೆ ನುಡಿಸಿದರೆ ಕಡಿಮೆ, ಜೋರಾಗಿ ನುಡಿಸಿದರೆ ಹೆಚ್ಚು ಎಂಬುದನ್ನು ಅವರೇ ಎರಡು ಸಲ ಮೀಟಿ ಕಂಡುಕೊಂಡರು. ಭಾವನಿಗೆ ಫೋನು ಮಾಡಿದೆ.

"ಭಾವ, ಸ್ವರ ಹೇಗುಂಟು?" ಎಂದರು ಅವರು ಆ ಕಡೆಯಿಂದ.

"ಸ್ವರ ಬಹಳ ಒಳ್ಳೆಯದುಂಟು."

"ಮತ್ತೆ ಎಂತ?"

"ವಾಸನೆ ಉಂಟು."

"ಎಂಥದ್ದು?"

"ಬಂಗುಡೆಯದ್ದು."

"ಸಿಗಡಿಯದ್ದೂ ಉಂಟು ಅಂತ ಹೇಳಿ" ಎಂದರು ಟೀಚರ್ ಪಕ್ಕದಿಂದ.

 ಬೇರೆ ಗಿಟಾರು ಮಾಡಿಕೊಡುತ್ತೇನೆ, ಮಳೆಗಾಲ ದಾಟಿಸಿ ಬರುವ ವರ್ಷ ಕೊಡುತ್ತೇನೆ ಎಂದರು ಭಾವ. ನಾನು ಅದನ್ನು ಟೀಚರಿಗೆ ಹೇಳಿದೆ.

"ನಾನು ಕಾಯ್ತೇನೆ ಮಾಸ್ಟ್ರೇ. ಕೀಬೋರ್ಡ್ ಕಾಯ್ಲಿಕ್ಕಿಲ್ಲ." ಅವರು ಬೆಕ್ಕನ್ನು ಕೆಳಗಿಳಿಸಿದರು. ಅದು ಮತ್ತೆ ಹತ್ತಿತು. "ನನಗೆ ತಕರಾರಿಲ್ಲ. ಯೇಸುವಿನ ಶಿಷ್ಯರಲ್ಲಿ ಮೀನುಗಾರರೇ ಇದ್ದದ್ದು. ಆದರೆ ನಮ್ಮ ಗಾಯನ ತಂಡದವರು ಶಿಷ್ಯರಲ್ಲ, ಡಿಗ್ರಿ ಓದುವವರು. ಇದನ್ನು ಅಲ್ಲಿಗೆ ತೆಗೊಂಡು ಹೋದರೆ ಅವರು ನಗುವುದಿಲ್ಲ, ಅದೇ ಕಷ್ಟ. ಬಹಳ ಪ್ರೀತಿಯಿಂದ ಕುರ್ಚಿ ತಂದು ಹಾಕ್ತಾರೆ."

ಗಿಟಾರು ನನ್ನೊಡನೆಯೇ ಕಾಪುವಿಗೆ ಮರಳಿತು. ಈ ಸಲ ನಿಟ್ಟೆಯಲ್ಲಿ ನಿಲ್ಲಿಸಲಿಲ್ಲ.

ಭಾವ ಅದನ್ನು ಮೇಜಿನ ಮೇಲಿಟ್ಟು ತೂತಿಗೆ ಮೂಗು ಹಾಕಿ ಕೂತರು. ಸಾಹೇಬರೂ ಬಂದು ಮೂಸಿ, ಬಂಗುಡೆ ಉತ್ತಮ ದರ್ಜೆಯದ್ದು ಎಂದು ಅಭಿಪ್ರಾಯಪಟ್ಟರು. ಕಾಫಿ ಪುಡಿ ಕಟ್ಟಿ ಇಳಿಬಿಟ್ಟರೆ ಹೋಗುತ್ತದೆ ಎಂದಳು ತಂಗಿ. ಇಳಿಬಿಟ್ಟರು. ಮರುದಿನ ಅದು ಮೀನೂ ಕಾಫಿಯೂ ಆಯಿತು. ಆಗ ಭಾವ ಎದ್ದು ತೆಳು ಚೂರಿಯನ್ನು ಬಿಸಿ ಮಾಡಿ, ಅಂಟಿನ ಸಂದಿಗೆ ಹಾಕಿ, ತಾವೇ ಅಂಟಿಸಿದ ಗಿಟಾರಿನ ಬೆನ್ನಿನ ಹಲಗೆಯನ್ನು ತಾವೇ ಬಿಡಿಸಿದರು. ಒಳಗಿನ ಮೈಯನ್ನೆಲ್ಲ ಕೆರೆದು ಕೆರೆದು ಹೊಸ ಮರ ಕಾಣುವಂತೆ ಮಾಡಿದರು. ಗೋಡೌನಿನಲ್ಲಿ ಬೆನ್ನು ಚೀಲಗಳಿಗೆ ತಾಗಿಕೊಂಡೇ ಇತ್ತು. ಆ ಹಲಗೆಯನ್ನು ಮಾತ್ರ ಎಷ್ಟು ಕೆರೆದರೂ ಪ್ರಯೋಜನವಾಗಲಿಲ್ಲ. ಬೇರೆ ಬೆನ್ನು ಬೇಕು. ಅದು ಮಳೆಗಾಲ ದಾಟಿದ ಮರವಾಗಿರಬೇಕು. ಅಂಗಡಿಯಲ್ಲಿದ್ದ ಮಳೆಗಾಲ ದಾಟಿದ ಹಲಗೆಗಳೆಲ್ಲ ತುರಿಮಣೆಗಳಾಗಿ ಎಲ್ಲೂರಿಗೆ ಹೋಗಿದ್ದವು. ಕ್ರಿಸ್ಮಸ್ಸಿಗೆ ಕೆಲವೇ ವಾರಗಳಿದ್ದವು.

ಭಾವ ಕೈಕಟ್ಟಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಒಳಗೆ ತಂಗಿ ತೆಂಗಿನಕಾಯಿ ತುರಿಯುತ್ತಿದ್ದಳು. ಗಂಡ ತನ್ನನ್ನು ಅಷ್ಟು ಹೊತ್ತು ನೋಡುವುದು ಅಪರೂಪವಾದ್ದರಿಂದ ಅವಳು ಮೊದಲು ಸೆರಗು ಸರಿಮಾಡಿಕೊಂಡಳು. ಆಮೇಲೆ ಅವರ ದೃಷ್ಟಿ ಎಲ್ಲಿದೆಯೆಂದು ಅರ್ಥವಾಯಿತು.

"ಇಲ್ಲ" ಎಂದಳು.

"ನಾನು ಎಂತ ಹೇಳಲಿಲ್ಲ."

"ಹೇಳುವುದು ಬೇಡ. ಇದು ನನ್ನ ಮಣೆ."

"ಎಷ್ಟು ಮಳೆಗಾಲ ನೋಡಿದ ಮರ ಅದು! ಒಲೆಯ ಬುಡದಲ್ಲೇ ಒಣಗಿದ್ದು. ಅದೇ ಅಚ್ಚು, ಅದೇ ಅಳತೆ. ಅದರಿಂದ ಒಂದು ತೆಳು ಪದರ ಕೊಯ್ದರೆ ಸಾಕು."

"ಊರಿಗೆಲ್ಲ ಮಣೆ ಮಾಡಿ ಕೊಟ್ಟು ಈಗ ನನ್ನ ಬುಡದಿಂದ ಎಳೆಯುತ್ತೀರಲ್ಲ, ನಾಚಿಕೆ ಇಲ್ವಾ ನಿಮಗೆ?"

ಭಾವ ಟೀಚರ ಭುಜದ ವಿಷಯ ಹೇಳಿದರು, ಕೀಬೋರ್ಡಿನ ವಿಷಯ ಹೇಳಿದರು. ಬಟನ್ ಒತ್ತಿದರೆ ಗಿಟಾರಿನ ಸ್ವರ ಬರುತ್ತದೆ ಎಂಬಲ್ಲಿ ತಂಗಿ ತುರಿಯುವುದನ್ನು ನಿಲ್ಲಿಸಿದಳು. "ಟೀಚರನ್ನು ಕುರ್ಚಿಯಲ್ಲಿ ಕೂರಿಸ್ತಾರಂತಾ?" ಎಂದು ಕೇಳಿದಳು. ಕೈಯಲ್ಲಿದ್ದ ಅರ್ಧ ಕಾಯಿಯನ್ನು ಪೂರ್ತಿ ತುರಿದು ಮುಗಿಸಿದಳು. ಎದ್ದಳು. "ತೆಗೊಂಡು ಹೋಗಿ."

ಸ್ವಲ್ಪ ಹೊತ್ತಿನಲ್ಲಿ ಭಾವ ಬಹಳ ಪ್ರಾಮಾಣಿಕತೆಯಿಂದ, ಕೊಯ್ಯಲು ಬೇಡವಾದ ಅಲಗನ್ನೂ ಕುತ್ತಿಗೆಯನ್ನೂ ಅವಳಿಗೆ ವಾಪಸು ತಂದುಕೊಟ್ಟರು.

"ಇದನ್ನು ಎಂತ ಮಾಡುವುದು? ನೆಲದ ಮೇಲೆ ಕೂತು ಕುತ್ತಿಗೆ ಹಿಡಿದುಕೊಳ್ಳುವುದಾ?" ಎಂದಳು.

ಮಣೆಯಿಂದ ಕೊಯ್ದ ಹಲಸಿನ ಪದರ ಜೇನಿನ ಬಣ್ಣದ್ದಾಗಿತ್ತು. ಭಾವ ಅದನ್ನು ಕಾಗದದಷ್ಟು ಎನ್ನುವ ಹಾಗೆ ತೆಳುಮಾಡಿ, ಅಡ್ಡಪಟ್ಟಿ ಕೂಡಿಸಿ, ಗಿಟಾರಿಗೆ ಬೆನ್ನು ಮಾಡಿ ಅಂಟಿಸಿದರು. ಖಾಲಿಯಾದ ಅಟ್ಟದಲ್ಲಿ ಬಲ್ಬಿನ ಕೆಳಗೆ ಅದೊಂದನ್ನೇ ನೇತುಹಾಕಿದರು. ನಾನು ಹತ್ತಿ ಮೂಸಿ ನೋಡಿದೆ. ಮೀನು ಇತ್ತು ಎಂದರೆ ಇತ್ತು, ಇಲ್ಲ ಎಂದರೆ ಇಲ್ಲ. ಆದರೆ ಮಣೆಯ ಕಡೆಯಿಂದ ತೆಂಗಿನಕಾಯಿಯ ಒಂದು ಎಳೆ ಸೇರಿಕೊಂಡಿತ್ತು. ಇನ್ನು ಹುಳಿ, ಮೆಣಸು ಹಾಕಿದರೆ ಸಾಕು ಎಂದು ಭಾವನಿಗೆ ಹೇಳೋಣವೆಂದುಕೊಂಡೆ. ಅವರ ಮುಖ ನೋಡಿ ಹೇಳಲಿಲ್ಲ.

ಅದೇ ವಾರ ಸಾಹೇಬರು ಹೆಬ್ರಿಯಿಂದ ಬಂದ ಹೊಸ ಬೇಡಿಕೆಯೊಂದನ್ನು ಹೇಳಲು ಬಂದರು. ಯಾರಿಗೋ ಗಿಟಾರಿನ ಆಕಾರದ ಊಟದ ಮೇಜು ಬೇಕಿತ್ತು.

"ಗಿಟಾರಿನ ಆಕಾರದ ಗಿಟಾರ್ ಬೇಕಿದ್ದರೆ ಹೇಳಿ, ಮಾಡಿ ಕೊಡ್ತೇನೆ" ಎಂದರು ಭಾವ.

"ಎಂತ ಮಾರಾಯ್ರೇ, ಕೋಪವಾ?"

"ಕೋಪ ಎಂತ? ಅಟ್ಟದಲ್ಲಿ ಜಾಗ ಇಲ್ಲ."

ಸಾಹೇಬರು ಕತ್ತೆತ್ತಿ ನೋಡಿದರು. ವಿಶಾಲವಾದ ಅಟ್ಟದಲ್ಲಿ ಒಂದೇ ಒಂದು ಗಿಟಾರು ತೂಗುತ್ತಿತ್ತು. ಅವರು ವ್ಯಾಪಾರಸ್ಥರು, ಅರ್ಥ ಮಾಡಿಕೊಂಡರು. ಮೇಜಿಗೆ ಬೇರೆ ಬಡಗಿಯನ್ನು ಹುಡುಕಿದರು. ಬೋರ್ಡನ್ನು ಮತ್ತೆ ಬರೆಸುವ ಪ್ರಸ್ತಾಪ ಬಂತು. ಯುಕುಲೇಲೆ ಇರಲಿ, ಅದು ಹೇಗೂ ಮರಿ ಎಂದು ಭಾವ ಉದಾರವಾಗಿ ಹೇಳಿದರು. ಉಳಿದದ್ದಕ್ಕೆಲ್ಲ ಪೇಂಟರು ಬಿಳಿ ಬಣ್ಣ ಬಳಿದು, ಗಿಟಾರನ್ನು ಮೂಲೆಯಿಂದ ಮೇಲೆ ತಂದರು. ಉತ್ಪನ್ನ ಶ್ರೇಣಿಯ ಆ ಹಳೆಯ ಪರೀಕ್ಷೆಯ ಪ್ರಶ್ನೆಗೆ ಇನ್ನು ಯಾರಾದರೂ ಉತ್ತರ ಬರೆದರೆ ನಾನು ಅಟ್ಟದ ಅಳತೆ ಹೇಳಿದ್ದಾರೆಯೇ ಎಂದು ಮಾತ್ರ ನೋಡುತ್ತೇನೆ.

ಕ್ರಿಸ್ಮಸ್ ದಿನದ ಬೆಳಗಿನ ಪೂಜೆಗೆ ಟೀಚರ್ ನಮ್ಮನ್ನು ಕರೆದಿದ್ದರು. ಕಾರ್ಕಳದ ಇಗರ್ಜಿಯ ಕೊನೆಯ ಬೆಂಚಿನಲ್ಲಿ ಭಾವ, ತಂಗಿ, ನಾನು ಕೂತೆವು. ಎಲ್ಲರೂ ಎದ್ದಾಗ ನಾವೂ ಎದ್ದೆವು, ಕೂತಾಗ ಕೂತೆವು. ಭಾವ ಮಾತ್ರ ಕೂತಾಗಲೂ ಅರ್ಧ ಎದ್ದೇ ಇದ್ದರು. ಗಾಯನ ತಂಡದ ಬದಿಯಲ್ಲಿ ಒಂದು ಕುರ್ಚಿ ಇತ್ತು. ಟೀಚರ್ ಅದರ ಮೇಲೆ ತಮ್ಮ ಹಾಡಿನ ಪುಸ್ತಕವಿಟ್ಟು, ಪಕ್ಕದಲ್ಲಿ ನಿಂತು, ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡರು. ಕೀಬೋರ್ಡಿನ ತರುಣ ಅವರ ಕಡೆ ನೋಡಿ ಮೊದಲು ಮೂಗನ್ನು ಸ್ವಲ್ಪ ಎತ್ತಿದ, ನಂತರ ಹುಬ್ಬನ್ನು. ಟೀಚರ್ ನುಡಿಸತೊಡಗಿದರು. ಎರಡನೆಯ ಸಾಲಿನಲ್ಲಿ ಅವನು ಕೀಬೋರ್ಡಿನಿಂದ ಕೈಗಳನ್ನು ತೆಗೆದು ಮಡಿಲಲ್ಲಿಟ್ಟುಕೊಂಡ. ಆ ಹಾಡು ಮುಗಿಯುವವರೆಗೆ ಅವು ಅಲ್ಲಿಯೇ ಇದ್ದವು.

ಭಾವ ಈಗ ಪೂರ್ತಿ ಕೂತರು. ಸ್ವರ ಹೇಗೆ ಬಂತೆಂದು ನನಗೆ ವಿವರಿಸಲು ಬಾಯಿ ತೆರೆದರು. ಅಷ್ಟರಲ್ಲಿ ನಡುವಿನಿಂದ ತಂಗಿ ಮೊಣಕೈಯಲ್ಲಿ ನನ್ನನ್ನು ತಿವಿದಳು. ಕಣ್ಣು ಟೀಚರ ಮೇಲೆಯೇ ಇತ್ತು.

"ಕೇಳಿತಾ ಅಣ್ಣ?" ಎಂದಳು, ಇಗರ್ಜಿಯಲ್ಲಿ ಸಲ್ಲುವುದಕ್ಕಿಂತ ಸ್ವಲ್ಪ ಜೋರಾಗಿ. "ಅದು ನನ್ನ ಮಣೆ."